ಮಾರ್ಲಿಸ್‌ಳನ್ನು ಎತ್ತಲು ನಾಲ್ಕು ಜನ

ಮಾರ್ಲಿಸ್ ಹಾರ್ಮ್ಸ್ ಎಂದರೆ ನಮ್ಮ ಕೌಂಟಿಯಲ್ಲಿ ಈಗ ಎಲ್ಲರಿಗೂ ಗೊತ್ತಿರುವುದು ಇಷ್ಟೇ: ಹಂದಿ ಸಾಕುತ್ತಾಳೆ, ಬೆಳಿಗ್ಗೆ ಶಾಲೆಯ ಹಳದಿ ಬಸ್ಸು ಓಡಿಸುತ್ತಾಳೆ. ಅವಳು ಕಾಲೇಜು ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವಳೆಂದು ತಿಳಿದ ಮಕ್ಕಳು, "ಎಷ್ಟು ಪಾಯಿಂಟ್ ಹೊಡೆದಿದ್ರಿ?" ಎಂದು ಕೇಳುತ್ತಾರೆ.

"ನೆನಪಿಟ್ಕೊಳ್ಳೋಷ್ಟು ಹೊಡೀಲಿಲ್ಲ ಕಣ್ರೋ. ಸುಮ್ನೆ ಕೂತ್ಕೊಳ್ಳಿ," ಎನ್ನುತ್ತಾಳೆ.

ಅದು ನಿಜವೇ. ಅದೇ ತಂಡದ ಬೆಂಚಿನ ಮೇಲೆ ನಾಲ್ಕು ವರ್ಷ ಕೂತು ಅವಳ ಆಟ ನೋಡಿದವಳು ನಾನು. ಆ ಆಟವನ್ನು ಪಾಯಿಂಟುಗಳ ಲೆಕ್ಕದಲ್ಲಿ ಹೇಳಲು ಹೊರಟರೆ ಒಂದು ಸಾಲಿಗೇ ಮುಗಿದುಹೋಗುತ್ತದೆ. ಆದ್ದರಿಂದ ಹಂದಿಯಿಂದಲೇ ಶುರುಮಾಡುತ್ತೇನೆ.

ಅಯೋವಾ ರಾಜ್ಯದ ನಮ್ಮ ಕಡೆ ಹಂದಿಗಳನ್ನು ಲಾರಿಗೆ ಹತ್ತಿಸುವಾಗ ಮನೆಯವರೆಲ್ಲ ಕೈಯಲ್ಲಿ ಒಂದೊಂದು ಹಲಗೆ ಹಿಡಿದು ದಾರಿಗೆ ಅಡ್ಡ ನಿಲ್ಲಬೇಕು. ಮಾರ್ಲಿಸ್‌ಳಿಗೆ ಆ ಹಲಗೆ ಸಿಕ್ಕಾಗ ಅದು ಅವಳಿಗಿಂತ ಎತ್ತರವಿತ್ತು. ಅವಳಪ್ಪ ವರ್ನನ್ ಹೇಳಿಕೊಟ್ಟದ್ದು ಒಂದೇ ಪಾಠ: "ಹಂದಿ ನಿನ್ನ ಮುಖ ನೋಡಲ್ಲ ಮಗಾ, ಕಾಲು ನೋಡುತ್ತೆ. ಕಾಲು ಕದಲಿಸಿದ್ಯೋ, ಹಂದಿ ಜೋಳದ ಹೊಲ ಸೇರ್ತು ಅಂತ ತಿಳ್ಕೋ."

ಕಾಲೇಜಿನ ಮೊದಲ ಅಭ್ಯಾಸದ ದಿನವೇ ನಮ್ಮ ಕೋಚ್ ಆಸ್ಗುಡ್ ಮೇಡಂ ಇದನ್ನು ಗುರುತಿಸಿದರು. ಎದುರಿನಿಂದ ಯಾರಾದರೂ ರಭಸವಾಗಿ ನುಗ್ಗಿ ಬಂದರೆ ನಾವೆಲ್ಲ ಅರ್ಧ ಹೆಜ್ಜೆ ಸರಿದುಬಿಡುತ್ತಿದ್ದೆವು. ಮಾರ್ಲಿಸ್ ಸರಿಯುತ್ತಿರಲಿಲ್ಲ. ಅಂದಿನಿಂದ ಅವಳಿಗೆ ಎರಡು ಕೆಲಸ ನಿಗದಿಯಾದವು. ನಮ್ಮವಳು ಚೆಂಡು ಹಿಡಿದು ಓಡುವಾಗ ಅವಳನ್ನು ಬೆನ್ನಟ್ಟುವವಳ ದಾರಿಗೆ ಕಂಬದಂತೆ ನಿಲ್ಲುವುದು ಒಂದು. ಎದುರಾಳಿ ಚೆಂಡು ಹಿಡಿದು ನುಗ್ಗಿದರೆ ಎದೆ ಕೊಟ್ಟು ನಿಂತು ಬೀಳುವುದು ಇನ್ನೊಂದು. ಕದಲದೆ ನಿಂತವಳನ್ನು ಕೆಡವಿದರೆ ತಪ್ಪು ಕೆಡವಿದವಳದು. ರೆಫರಿ ಸೀಟಿ ಊದುತ್ತಾರೆ, ಚೆಂಡು ನಮ್ಮದಾಗುತ್ತದೆ.

ನಮ್ಮ ತಂಡದಲ್ಲಿ ಹೀಗೆ ಬಿದ್ದವಳು ತಾನಾಗಿ ಏಳುವಂತಿರಲಿಲ್ಲ. ಅಂಕಣದಲ್ಲಿದ್ದ ಉಳಿದ ನಾಲ್ವರೂ ಓಡಿ ಬಂದು ಅವಳನ್ನು ಎತ್ತಿ ನಿಲ್ಲಿಸಬೇಕು. ಈ ಪದ್ಧತಿ ಯಾರು ತಂದರೋ ಕೋಚ್‌ಗೂ ಗೊತ್ತಿರಲಿಲ್ಲ. ಉಳಿದವರೆಲ್ಲ ಸೇರಿ ಬೀಳುವುದಕ್ಕಿಂತ ಹೆಚ್ಚು ಮಾರ್ಲಿಸ್ ಒಬ್ಬಳೇ ಬೀಳುತ್ತಿದ್ದುದರಿಂದ ಅದು ಅವಳದೇ ಪದ್ಧತಿಯಾಗಿಹೋಗಿತ್ತು. ತೊಟ್ಟಿಲ ಕೂಸಿನಂತೆ ಮೇಲೆ ನೋಡುತ್ತಾ ಎರಡೂ ಕೈ ಚಾಚಿ ಮಲಗಿರುತ್ತಿದ್ದಳು. "ಎತ್ರೇ! ಎತ್ರೇ!" ಎಂದು ಜನ ಚಪ್ಪಾಳೆ ತಟ್ಟುತ್ತಿದ್ದರು.

ನಾವು ಮೂರನೆಯ ವರ್ಷದಲ್ಲಿದ್ದಾಗ ಕೋರಿನ್ ಬ್ಲೇಲಾಕ್ ಬಂದಳು. ಡೆ ಮೊಯ್ನ್ ಪಟ್ಟಣದ ಹುಡುಗಿ. ಅವಳ ಕೈಯಲ್ಲಿ ಚೆಂಡಿದ್ದರೆ ಪಾಪ್‌ಕಾರ್ನ್ ಮಾರುವವರೂ ಮಾರುವುದು ಬಿಟ್ಟು ನೋಡುತ್ತಿದ್ದರು. ಪಂದ್ಯಗಳಿಗೂ ಖಾಲಿ ಹೊಡೆಯುತ್ತಿದ್ದ ನಮ್ಮ ಜಿಮ್‌ನಲ್ಲಿ ನಿಲ್ಲಲೂ ಜಾಗವಿಲ್ಲದಂತಾಯಿತು. ಹಾಗೆಂದು ಅವಳು ಸೋಮಾರಿಯೂ ಅಲ್ಲ, ನಮ್ಮೆಲ್ಲರಿಗಿಂತ ಮೊದಲು ಬಂದು ಕೊನೆಗೆ ಹೋಗುವವಳು. ಆದರೆ ಮಾರ್ಲಿಸ್ ಬಿದ್ದಾಗ ಮೂವರು ಓಡುತ್ತಿದ್ದರು, ಕೋರಿನ್ ಆಗಲೇ ಆಚೆ ತುದಿಯ ಕಡೆ ಹೆಜ್ಜೆ ಹಾಕುತ್ತಿದ್ದಳು.

"ಅವಳಿಗೆ ಕಾಲಿಲ್ವಾ?" ಎನ್ನುತ್ತಿದ್ದಳು. ಮಾರ್ಲಿಸ್ ಅಡ್ಡ ನಿಂತು ದಾರಿ ಬಿಡಿಸಿಕೊಡಲು ಹೋದರೂ ಅವಳಿಗೆ ಬೇಡ. ಕೈ ಬೀಸಿ, "ಸರಿಯೇ ಆಚೆ! ನನ್ನ ದಾರೀಲಿ ಮರ ನೆಟ್ಟ ಹಾಗೆ ನಿಲ್ಬೇಡ," ಎಂದು ಗದರುತ್ತಿದ್ದಳು.

ತಂಡದ ಬಾಯಿಬಡುಕಿ ಟ್ರೂಡಿ ಲಾಸ್ಕಾ ಸುಮ್ಮನಿರುತ್ತಿರಲಿಲ್ಲ. "ಮಹಾರಾಣಿಯವರೇ, ಐದು ಬಾಲ್ ತರಿಸ್ಲಾ? ಒಂದೇ ತಾವು ಇಟ್ಕೊಳ್ಳಿ, ಉಳಿದಿದ್ರಲ್ಲಿ ನಾವು ಆಡ್ಕೋತೀವಿ."

"ಆಡು, ಯಾರು ಬೇಡ ಅಂದ್ರು? ಬುಟ್ಟಿ ಎಲ್ಲಿದೆ ಅಂತ ಗೊತ್ತು ತಾನೆ?"

ಮಾರ್ಲಿಸ್ ಮಾತ್ರ ನಗುತ್ತಿದ್ದಳು. "ಬಿಡ್ರೇ. ಹಂದೀನೂ ಮೊದಲ ದಿನವೇ ಲಾರಿ ಹತ್ತಲ್ಲ."

ನಾವು ಕೊನೆಯ ವರ್ಷದಲ್ಲಿದ್ದಾಗ, ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ನಮ್ಮ ವಲಯದ ಫೈನಲ್ ನಮ್ಮದೇ ಜಿಮ್‌ನಲ್ಲಿ ನಡೆಯಿತು. ಗೆದ್ದವರು ರಾಷ್ಟ್ರ ಮಟ್ಟಕ್ಕೆ, ಸೋತವರು ಮನೆಗೆ. ಕೋರಿನ್‌ಗೆ ಇನ್ನೂ ಎರಡು ವರ್ಷ ಬಾಕಿ ಇತ್ತು. ಮಾರ್ಲಿಸ್‌ಳಂಥ ಆಟಗಾರ್ತಿಗೆ ಕಾಲೇಜಿನ ಆಚೆ ಅಂಕಣವೇ ಇಲ್ಲ. ಸೋತರೆ ಅವಳು ಆ ಅಂಗಿ ಮತ್ತೆ ತೊಡುವಂತಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಬೂಟಿನ ದಾರ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದಳು.

"ಇನ್ನೊಂದು ವಾರ ಸಿಕ್ಕಿದ್ರೆ ಸಾಕು ಕಣೇ," ಎಂದಳು ನನಗೆ. "ಜಾಸ್ತಿ ಕೇಳ್ತಿಲ್ಲ."

ಎದುರಾಳಿ ನದಿಯಾಚೆಯ ಕಾಲೇಜು, ಕೆಂಪಂಗಿಯವರು. ಎಂಥ ಆಟ ಅದು! ಅವರು ಎರಡು ಹಾಕಿದರೆ ನಾವು ಎರಡು. ಕೋರಿನ್ ಮೇಲೆ ಇಬ್ಬಿಬ್ಬರನ್ನು ಬಿಟ್ಟಿದ್ದರು. ಅವಳು ಆ ಇಬ್ಬರ ತಲೆಯ ಮೇಲಿನಿಂದಲೇ ಎಸೆಯುತ್ತಿದ್ದಳು. ಮೊದಮೊದಲು ಬಿತ್ತು, ಆಮೇಲೆ ಬೀಳಲಿಲ್ಲ. ಮಾರ್ಲಿಸ್ ಅಡ್ಡ ನಿಲ್ಲಲು ಹೋದಾಗೆಲ್ಲ ಕೋರಿನ್ ಕೈ ಬೀಸಿದಳು. ಕೊನೆಯ ನಿಮಿಷ ಬಂದಾಗ ನಾವು ಒಂದು ಪಾಯಿಂಟ್ ಹಿಂದಿದ್ದೆವು, ಚೆಂಡು ಅವರ ಕೈಯಲ್ಲಿತ್ತು.

ಅವರ ವೇಗದ ಹುಡುಗಿ ನಮ್ಮ ಬುಟ್ಟಿಯ ಕಡೆ ನುಗ್ಗಿದಳು. ಮಾರ್ಲಿಸ್ ಎದುರು ನಿಂತಳು. ಢಿಕ್ಕಿಯ ಸದ್ದು ಬೆಂಚಿನವರೆಗೂ ಕೇಳಿಸಿತು. ಮಾರ್ಲಿಸ್ ಅಂಗಾತ ಬಿದ್ದು ಎರಡೂ ಕೈ ಚಾಚಿದಳು. ಟ್ರೂಡಿ, ಇನ್ನಿಬ್ಬರು, ಮೂವರೂ ಓಡಿ ಬಂದು ಅವಳ ಕೈ ಹಿಡಿದರು. "ಎತ್ರೇ! ಎತ್ರೇ!" ಎಂದು ಇಡೀ ಜಿಮ್ ಕೂಗಿತು.

ಸೀಟಿ ಮಾತ್ರ ಊದಿರಲಿಲ್ಲ. ಆಟ ನಡೆಯಲಿ ಎಂದು ರೆಫರಿ ಕೈ ಬೀಸುತ್ತಿದ್ದರು. ನುಗ್ಗಿದವಳು ಎಸೆದಿದ್ದ ಚೆಂಡು ಬುಟ್ಟಿಯ ಅಂಚಿಗೆ ಬಡಿದು, ಪುಟಿದು, ಅವರ ಎತ್ತರದ ಹುಡುಗಿಯ ಕೈ ಸೇರಿತು. ಅವಳ ಸುತ್ತ ನಮ್ಮವರು ಒಬ್ಬರೂ ಇಲ್ಲ! ನಮ್ಮ ಮೂವರೂ ಮಾರ್ಲಿಸ್‌ಳನ್ನು ಅರ್ಧ ಎತ್ತಿಕೊಂಡು ಬಾಯಿ ಬಿಟ್ಟು ನೋಡುತ್ತಿದ್ದರು. ಎಷ್ಟೋ ವರ್ಷಗಳ ರೂಢಿ ಅವರನ್ನು ಓಡಿಸಿತ್ತು.

ಅಷ್ಟರಲ್ಲಿ ಎತ್ತಲು ಎಂದೂ ಬಾರದಿದ್ದ ಕೋರಿನ್, ಅಂಕಣದ ನಡುವಿನಿಂದ ಬಾಣದಂತೆ ಬಂದಳು. ಕೆಂಪಂಗಿಯವಳು ಎಸೆಯಲು ಚೆಂಡೆತ್ತುತ್ತಿದ್ದಂತೆ ಹಿಂದಿನಿಂದ ಹಾರಿ ಚೆಂಡಿಗೆ ಒಂದೇಟು ಕೊಟ್ಟಳು. ಚೆಂಡು ಆ ಹುಡುಗಿಯ ಮೊಣಕಾಲಿಗೇ ಬಡಿದು ಗೆರೆ ದಾಟಿತು. ಕೊನೆಗೆ ತಗಲಿದ್ದು ಅವಳಿಗೆ, ಹಾಗಾಗಿ ಚೆಂಡು ನಮ್ಮದು! ಕೋಚ್ ಟೈಮ್‌ಔಟ್ ಕೇಳಿ ಎಲ್ಲರನ್ನೂ ಬೆಂಚಿನ ಬಳಿಗೆ ಕರೆದರು. ಉಳಿದಿದ್ದದ್ದು ಕೆಲವೇ ಸೆಕೆಂಡು.

ಕೋರಿನ್ ಏದುಸಿರು ಬಿಡುತ್ತಾ ಬಂದಳು. "ಮೂರು ಜನಾನೂ ಇವಳನ್ನ ಎತ್ತೋಕೆ ಓಡಿದ್ರೆ ಬಾಲ್ ಯಾರು ಹಿಡೀತಾರೆ? ನಿಮ್ಮಜ್ಜಿ ಬರ್ತಾಳಾ?"

"ನೀನು ಒಂದಿನ ಆದ್ರೂ ಬಂದಿದ್ಯೇನೇ ಎತ್ತೋಕೆ?" ಎಂದಳು ಟ್ರೂಡಿ.

"ಇವತ್ತು ಬಂದಿದ್ರೆ ಆಟ ಮುಗ್ದೇ ಹೋಗ್ತಿತ್ತು!"

ಅವಳ ಮಾತು ನಿಜವಾಗಿತ್ತು. ಮೊದಲು ನಕ್ಕವಳು ಮಾರ್ಲಿಸ್.

"ಸರಿಯಾಗೇ ಹೇಳಿದ್ಲು. ಇನ್ಮೇಲೆ ಸೀಟಿ ಕೇಳದೆ ನನ್ನ ಹತ್ರ ಯಾರೂ ಬರ್ಬೇಡಿ." ಆಮೇಲೆ ಕೋರಿನ್ ಕಡೆ ತಿರುಗಿ ಅವಳ ತೋಳು ಹಿಡಿದಳು. "ಈಗ ನಾನು ಹೇಳೋದು ನೀನು ಕೇಳು. ನಿನ್ನ ಮೇಲೆ ಇಬ್ರು ಬೀಳ್ತಾರೆ. ಒಬ್ಬಳಿಂದ ನೀನು ತಪ್ಪಿಸ್ಕೋತೀಯ, ಇಬ್ರಿಂದ ಆಗಲ್ಲ, ಮಧ್ಯಾಹ್ನದಿಂದ ನೋಡ್ತಾನೇ ಇದ್ದೀನಿ. ಅವರಲ್ಲಿ ಆ ದೊಡ್ಡವಳನ್ನ ನನಗೆ ಬಿಡು. ನನ್ನ ಎಡ ಭುಜ ಸವರ್ಕೊಂಡು ಹೋಗು. ಮಧ್ಯೆ ಗಾಳಿ ಆಡೋಷ್ಟೂ ಜಾಗ ಬಿಡ್ಬೇಡ."

"ನೀನು ಕದಲಿದ್ರೆ?"

"ನಾನಾ?"

ಕೋರಿನ್ ಅವಳ ಮುಖವನ್ನೇ ನೋಡಿದಳು. ಕೋಚ್ ಕೈಯಲ್ಲಿದ್ದ ಬಳಪ ಜೇಬಿಗೆ ಹಾಕಿಕೊಂಡು, "ನನಗೆ ಹೇಳೋಕೆ ಏನೂ ಉಳಿಸಿಲ್ಲ ನೀವು. ಹೋಗ್ರಿ," ಎಂದರು.

ಟ್ರೂಡಿ ಚೆಂಡನ್ನು ಕೋರಿನ್‌ಗೆ ಎಸೆದಳು. ತಕ್ಷಣ ಇಬ್ಬರು ಅವಳ ಮೇಲೆ ಮುಗಿಬಿದ್ದರು. ಮಾರ್ಲಿಸ್ ಓಡಿ ಬಂದು ನಿಂತಳು. ನಾನು ಕೋರಿನ್‌ಳ ಕೈಯನ್ನೇ ನೋಡುತ್ತಿದ್ದೆ. ಈಗ ಬೀಸುತ್ತಾಳೆ, ಈಗ 'ಸರಿಯೇ ಆಚೆ' ಎನ್ನುತ್ತಾಳೆ! ಪ್ರೇಕ್ಷಕರ ಮೇಲಿನ ಮೆಟ್ಟಿಲಿನಿಂದ ಅವಳಪ್ಪ ವರ್ನನ್ ಅವರ ಗಂಟಲು ಕೇಳಿಸಿತು: "ಕಾಲು, ಮಗಾ! ಕಾಲು!"

ಕೋರಿನ್ ಕೈ ಬೀಸಲಿಲ್ಲ. ತಲೆ ತಗ್ಗಿಸಿ, ಮಾರ್ಲಿಸ್‌ಳ ಭುಜಕ್ಕೆ ಭುಜ ಉಜ್ಜಿಕೊಂಡು ಹೊರಬಿದ್ದಳು. ಬೆನ್ನಟ್ಟಿ ಬಂದ ದೊಡ್ಡ ಹುಡುಗಿ ಮಾರ್ಲಿಸ್‌ಳಿಗೆ ಗೋಡೆಗೆ ಬಡಿದಂತೆ ಬಡಿದಳು, ಇನ್ನೊಬ್ಬಳು ಅವಳ ಬೆನ್ನಿಗೆ ಎಡವಿದಳು. ಮೂವರೂ ನೆಲಕ್ಕೆ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಕೋರಿನ್ ಎದುರು ಒಂದು ಕೈಯೂ ಇರಲಿಲ್ಲ. ಎಸೆದಳು. ಚೆಂಡು ಅಂಚನ್ನೂ ಮುಟ್ಟದೆ ಬಲೆಯೊಳಗೆ ಇಳಿಯಿತು.

ಜಿಮ್ ಹಾರಿಹೋಗುವಂತೆ ಕೂಗೆದ್ದಿತು! ಆದರೆ ಸೀಟಿ ಇಲ್ಲ, ಆಟ ಮುಗಿದಿಲ್ಲ. ಮಾರ್ಲಿಸ್ ಬಿದ್ದಲ್ಲೇ ಇದ್ದಳು. ಈ ಸಲ ಯಾರೂ ಅವಳ ಕಡೆ ತಿರುಗಲಿಲ್ಲ; ನಾಲ್ವರೂ ಆಚೆ ತುದಿಗೆ ಓಡಿದರು. ಕೆಂಪಂಗಿಯವರು ಉದ್ದಕ್ಕೆ ಎಸೆದ ಚೆಂಡನ್ನು ಟ್ರೂಡಿ ಹಾರಿ ಹಿಡಿದು ಹೊಟ್ಟೆಗೆ ಅಪ್ಪಿಕೊಂಡಳು. ಆಟ ಮುಗಿದ ಭೋಂಗು ಮೊಳಗಿತು. ಗೆದ್ದಿದ್ದೆವು!

ಜನ ಅಂಕಣಕ್ಕೆ ನುಗ್ಗಿ ಕೋರಿನ್‌ಳನ್ನು ಮುಚ್ಚಿಬಿಟ್ಟರು. ನಾನು ಮಾರ್ಲಿಸ್ ಕಡೆ ಓಡಿದೆ. ಅವಳು ಸೂರು ನೋಡುತ್ತಾ ಎರಡೂ ಕೈ ಚಾಚಿಕೊಂಡು ಮಲಗಿದ್ದಳು. ನಾನು ತಲುಪುವ ಮೊದಲೇ ಆ ಗುಂಪು ಒಂದು ಕಡೆ ಸೀಳಿತು. ಮೊಣಕೈಯಿಂದ ತಿವಿದು ದಾರಿ ಮಾಡಿಕೊಂಡು ಕೋರಿನ್ ಹೊರಬಂದಳು.

"ಏಳೇ," ಎಂದಳು.

"ಎತ್ತು."

ಕೋರಿನ್ ಅವಳ ಎರಡೂ ಕೈ ಹಿಡಿದು ಜಗ್ಗಿದಳು. ಮಾರ್ಲಿಸ್ ಅರ್ಧಕ್ಕೆ ಎದ್ದಳು, ಮತ್ತೆ ಬಿದ್ದಳು. ಜೊತೆಗೆ ಕೋರಿನ್‌ಳೂ ಅವಳ ಮೇಲೆ ಬಿದ್ದಳು.

"ಅಯ್ಯಪ್ಪಾ, ಏನು ತೂಕನೇ ನೀನು!"

"ಅದಕ್ಕೇ ಕಣೇ ನಾಲ್ಕು ಜನ ಬೇಕು ಅಂತ ಇಟ್ಟಿರೋದು."

ಅಷ್ಟರಲ್ಲಿ ಟ್ರೂಡಿಯೂ ಇನ್ನಿಬ್ಬರೂ ಬಂದರು. ಎತ್ತಿದರು.

ಮಾರ್ಲಿಸ್ ಕೇಳಿದ ಒಂದು ವಾರ ಅವಳಿಗೆ ಸಿಕ್ಕಿತು. ಮುಂದಿನ ಶನಿವಾರ ಮಿನೆಸೋಟಾದಲ್ಲಿ ನಡೆದ ರಾಷ್ಟ್ರ ಮಟ್ಟದ ಆಟದಲ್ಲಿ ನಾವು ಚೆನ್ನಾಗಿಯೇ ಸೋತೆವು. ಅಲ್ಲಿಯೂ ಅವಳು ಬಿದ್ದಳು, ಅಲ್ಲಿಯೂ ಕೈ ಚಾಚಿದಳು. ಎಲ್ಲರಿಗಿಂತ ಮೊದಲು ಅವಳ ಬಳಿಗೆ ಓಡಿದವಳು ಕೋರಿನ್, ಅದೂ ಸೀಟಿ ಕೇಳಿದ ಮೇಲೆಯೇ.