ಶಿವನಿ ಕಟ್ಟಿಗೆಯ ಬಂದೂಕು, ಚಪ್ಪಟೆ ಮೂತಿಯ ಗುಂಡು

"ಬಡಿಗ್ಯಾರ ಹುಡುಗಿ ಬಂದೂಕ ಹಿಡದು ಕಾಲೇಜ ಸೇರ್ತಾಳಂತ! ಆಗೂ ಮಾತೇನಿದು?" ಎಂದವರು ನಮ್ಮ ದೊಡ್ಡಪ್ಪ, ಅಪ್ಪನ ಸ್ವಂತ ಅಣ್ಣ. ಆಗಿನ್ನೂ ಉಪ್ಪಿನಬೆಟಗೇರಿಯ ನಮ್ಮ ಮನೆಯ ಮುಂದೆ ಹತ್ತಾರು ನೊಗಗಳು ಗೋಡೆಗೆ ಒರಗಿರುತ್ತಿದ್ದವು. ಹಿಂಗಾರಿ ಬಿತ್ತನೆ ಹತ್ತಿರ ಬಂತೆಂದರೆ ಅಪ್ಪ ನೊಗ ಕೆತ್ತುವ ಬಾಚಿಯ ಸದ್ದಿಗೇ ನಮಗೆ ಬೆಳಗಾಗುತ್ತಿತ್ತು. ಕಟ್ಟಿಗೆ ಚಕ್ಕೆಯ ವಾಸನೆ ಅವ್ವನ ಸೆರಗಿಗೂ ನನ್ನ ಪಾಟಿಚೀಲಕ್ಕೂ ಹತ್ತಿರುತ್ತಿತ್ತು.

ನಾನು ಹತ್ತನೆಯ ತರಗತಿಯಲ್ಲಿದ್ದೆ. ನಮ್ಮ ಶಾಲೆಯ ಪಿ.ಟಿ. ಮಾಸ್ತರು ಎಲ್ಲಿಂದಲೋ ಒಂದು ಏರ್‌ಗನ್ ತಂದಿದ್ದರು. ಗೋಲಿ ಆಟದಲ್ಲಿ ಗಂಡುಹುಡುಗರ ಗೋಲಿಗಳನ್ನೆಲ್ಲ ಗೆದ್ದು ಲಂಗದ ಕಿಸೆ ಹರಿದುಕೊಂಡವಳು ನಾನು. ಬಂದೂಕಿನಲ್ಲೂ ಗುರಿ ಕೂಡಿಬಂತು. ಜಿಲ್ಲಾ ಪಂದ್ಯದಲ್ಲಿ ಮೊದಲ ಮೂವರೊಳಗೆ ಬಂದರೆ ಧಾರವಾಡದ ಒಂದು ಕಾಲೇಜಿನಲ್ಲಿ ಆಟದ ಸೀಟು, ಜೊತೆಗೆ ಹಾಸ್ಟೆಲ್ ಎಂದು ಮಾಸ್ತರು ಮನೆಗೇ ಬಂದು ಹೇಳಿದರು. ಅದಿಲ್ಲದಿದ್ದರೆ ಹತ್ತನೆಯದಕ್ಕೆ ಮುಗಿಯಿತು, ಲಗ್ನ ಮಾಡುವುದೆಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರೂ ಕಾಲೇಜಿನ ಗೇಟು ದಾಟಿರಲಿಲ್ಲ, ದಾಟಿದ್ದರೆ ಬಾಗಿಲು ಕೂಡಿಸಲು ಹೋಗಿರಬೇಕು ಅಷ್ಟೆ.

"ಮೂರರಾಗ ಬಂದ್ರ ಹೋಗ್ಲಿ. ಬರ್ಲಿಲ್ಲಂದ್ರ ಮತ್ತ ಯಾರೂ ಈ ಮಾತ ತಗೀಬಾರ್ದು ನೋಡ್ ಮೌನೇಶ" ಎಂದು ದೊಡ್ಡಪ್ಪ ಅಪ್ಪನಿಂದ ಮಾತು ತೆಗೆದುಕೊಂಡರು.

ತೊಡಕೊಂದಿತ್ತು. ಹತ್ತು ಗುಂಡು ಹೊಡೆಯುವುದರೊಳಗೆ ಬಂದೂಕಿನ ಭಾರಕ್ಕೆ ನನ್ನ ಎಡಗೈ ನಡುಗತೊಡಗುತ್ತಿತ್ತು. ಅಪ್ಪ ಆ ಬಂದೂಕನ್ನು ಮಾಸ್ತರ ಕೈಯಿಂದ ಇಸಿದುಕೊಂಡು, ಹೊಸ ಎತ್ತನ್ನು ನೋಡುವಂತೆ ಸುತ್ತಲೂ ತಿರುವಿ ನೋಡಿದರು. ಮೂಸಿದರು. ಉಗುರಿನಿಂದ ಕೆರೆದರು.

"ಕಬ್ಬಿಣಕ್ಕಿಂತ ಇದರ ಕಟ್ಟಿಗೀನಽ ಭಾರ ಐತ್ರಿ ಮಾಸ್ತರ. ಬಿಚ್ಚಿ ಬ್ಯಾರೆ ಹಗುರಂದು ಕೂಡಿಸ್ಲೇನ್ರಿ?"

"ಬಿಚ್ರಿ. ಆದ್ರ ಹಳೇದನ್ನ ಜ್ವಾಕಿ ಮಾಡಿ ಇಡ್ರಿ. ನಾಳೆ ಹೆಡ್‌ಮಾಸ್ತರು ಕೇಳಿದ್ರ ನಾ ತೋರಸಬೇಕು."

ಆ ಸಂಜೆ ನೀರಿನ ಕೊಪ್ಪರಿಗೆಯ ಸುತ್ತ ನಾವೆಲ್ಲ ಕುಳಿತೆವು. ನೊಗಕ್ಕೆ ಕಟ್ಟಿಗೆ ಆರಿಸುವಾಗ ಅಪ್ಪ ಮಾಡುತ್ತಿದ್ದ ಪರೀಕ್ಷೆ ಅದು: ಒಂದೇ ಅಳತೆಯ ಒಣ ಚಕ್ಕೆಗಳನ್ನು ನೀರಿಗೆ ಬಿಟ್ಟು, ಯಾವುದು ಎಷ್ಟು ಮುಳುಗುತ್ತದೆಂದು ನೋಡುವುದು. ಜಾಲಿ ಬರೀ ನೆತ್ತಿ ಕಾಣುವಷ್ಟು ಮುಳುಗಿತು. ಸಾಗವಾನಿ ಅರ್ಧಕ್ಕಿಂತ ಹೆಚ್ಚು. ಶಿವನಿ ಎದ್ದು ತೇಲಿತು. ಹಾಲವಾಣವಂತೂ ನೀರು ಮುಟ್ಟಿದೆಯೋ ಇಲ್ಲವೋ ಎನ್ನುವಂತೆ ಕುಳಿತಿತ್ತು.

"ಅಪ್ಪಾ, ಹಾಲವಾಣಾನ ಹಗುರ ಐತಲ್ಲ?"

"ಹಗುರ ಖರೇ. ಸ್ಕ್ರೂ ಹಿಡಿಯೂದಿಲ್ಲವಾ, ನಾಕ ಸಲ ಹೊಡದ್ರ ಸಡ್ಲಾಗ್ತೈತಿ. ಶಿವನಿ ನೋಡು, ಹೆಗಲಿಗೆ ಭಾರ ಆಗೂದಿಲ್ಲ, ಸೀಳೂದೂ ಇಲ್ಲ. ಎತ್ತಿಗೆ ಅದಕ್ಕಽ ಅದನ್ನ ಹಾಕೂದು."

ಅವ್ವ ಒಲೆಯ ಮುಂದಿನಿಂದಲೇ ಕೂಗಿದಳು: "ಅಂದ್ರ ಮಗಳಿಗೆ ನೊಗಾ ಹೂಡಾಕತ್ತೀರೇನು?"

ಅಪ್ಪ ಒಂದು ಹುರಿ ತೆಗೆದುಕೊಂಡು ನನ್ನ ಹೆಗಲಿನಿಂದ ಬೆರಳಿನವರೆಗೆ ಹಿಡಿದು ಗಂಟು ಹಾಕಿದರು. ಗಲ್ಲದಿಂದ ಹೆಗಲಿಗೆ ಇನ್ನೊಂದು ಗಂಟು. ಎತ್ತುಗಳ ಹೆಗಲನ್ನೂ ಅವರು ಹೀಗೆಯೇ ಅಳೆಯುತ್ತಿದ್ದರು.

ಶಿವನಿಯಲ್ಲಿ ಮೊದಲು ಕೆತ್ತಿದ್ದು ತೀರ ಹಗುರಾಯಿತು. ಹಿಂದೆ ತೂಕವಿಲ್ಲದೆ ಬಂದೂಕಿನ ಮೂತಿ ತೂಕಡಿಸುವವರ ಹಾಗೆ ಮುಂದಕ್ಕೆ ಬಾಗುತ್ತಿತ್ತು. ಅಪ್ಪ ಅದನ್ನು ಮುರಿದು ಒಲೆಗೆ ಹಾಕಿ ಮತ್ತೊಂದಕ್ಕೆ ಕುಳಿತರು. ಈ ಸಲ ಹೆಗಲ ಬಳಿ ದಪ್ಪ ಬಿಟ್ಟು, ಮುಂಗೈ ಹಿಡಿಯುವಲ್ಲಿ ತೆಳ್ಳಗೆ ಮಾಡಿದರು. ಅಗಸಿ ಎಣ್ಣೆ ತಿಕ್ಕಿ ತಿಕ್ಕಿ ಒಣಗಿಸಿದರು. ಹೆಗಲಿಗೆ ಇಟ್ಟುಕೊಂಡರೆ ಯಾರೋ ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡಿದ್ದಾರೆ ಅನ್ನಿಸುತ್ತಿತ್ತು.

ಎಡವಿದ್ದು ಗುಂಡಿನಲ್ಲಿ. ಅಪ್ಪ ಹುಬ್ಬಳ್ಳಿಗೆ ಹೋದವರು ಬಂದೂಕಿನ ಅಂಗಡಿಯನ್ನು ಹುಡುಕಿ, ಅಲ್ಲಿದ್ದ ಎರಡು ಡಬ್ಬಿಗಳಲ್ಲಿ ಚೂಪು ಮೂತಿಯದನ್ನು ಆರಿಸಿ ತಂದಿದ್ದರು. ಜೀವನವಿಡೀ ಹತಾರ ಮಸೆದ ಮನುಷ್ಯ. ಚೂಪಾದದ್ದೇ ಚಲೋ ಎಂದು ತಿಳಿದಿದ್ದರು.

ಪಂದ್ಯಕ್ಕೆ ಐದು ದಿನ ಉಳಿದಿತ್ತು. ಆ ಗುಂಡು ಹೊಡೆದರೆ ಅಂಕದ ಗೆರೆಗಳಿರುವ ಗುರಿಯ ಕಾಗದದಲ್ಲಿ ತೂತು ಬೀಳುವುದಿಲ್ಲ, ಹರಿಯುತ್ತದೆ. ಅಂಚೆಲ್ಲ ಒಳಕ್ಕೆ ಮಡಚಿ, ಯಾವ ಗೆರೆ ಮುಟ್ಟಿದೆ ಎಂದು ಮಾಸ್ತರಿಗೂ ತಿಳಿಯದು. "ನೀಲಾ, ಇದು ಎಂಟೋ ಒಂಬತ್ತೋ ದೇವ್ರಿಗೇ ಗೊತ್ತು" ಎಂದು ಕಾಗದವನ್ನು ಬಿಸಿಲಿಗೆ ಹಿಡಿದರು. ನಾನು ಅಳುತ್ತ ಮನೆಗೆ ಬಂದೆ.

ಅಪ್ಪ ಆ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ತೂತುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಎದ್ದು ಒಂದು ಹಳೆಯ ಪಂಚಾಂಗದ ಹಾಳೆಯನ್ನು ಮಣೆಯ ಮೇಲೆ ಹಾಸಿ, ಒಂದು ಕಡೆ ದಬ್ಬಣ ಚುಚ್ಚಿದರು, ಪಕ್ಕದಲ್ಲಿ ಉಳಿ ಇಟ್ಟು ಒಂದೇಟು ಹಾಕಿದರು. ದಬ್ಬಣದ ಸುತ್ತ ಕಾಗದ ಸಿಡಿದಿತ್ತು. ಉಳಿಯ ಕೆಳಗೆ ಗೆರೆ ಎಳೆದಂತೆ ಕತ್ತರಿಸಿತ್ತು.

"ತಪ್ಪು ನಂದಽವಾ" ಎಂದರು. "ದಬ್ಬಣಾ ತಂದೀನಿ ನಾ. ಬೇಕಾಗಿದ್ದು ಉಳಿ."

ಮರುದಿನ ನನ್ನನ್ನೂ ಕರೆದುಕೊಂಡು ಹುಬ್ಬಳ್ಳಿಗೆ ಹೋದರು. ಅಂಗಡಿಯ ಕಾಕಾ ಕನ್ನಡಕದ ಮೇಲಿಂದ ನೋಡಿ, "ಯಜಮಾನ್ರ, ಚೂಪಂದು ಬೇಟೆಗ್ರೀ. ಚರ್ಮದಾಗ ಆಳಕ್ಕ ಇಳೀಲಿ ಅಂತ. ನಿಮ್ಮ ಹುಡುಗಿ ಕಾಗದಾನ ಬೇಟಿ ಆಡ್ತಾಳೇನು? ಮೊದ್ಲಽ ಹೇಳಬಾರ್ದಽ?" ಎಂದು ನಕ್ಕರು.

"ನೀವು ಕೇಳ್ಲಿಲ್ಲ, ನಾ ಹೇಳ್ಲಿಲ್ಲ. ಈಗ ಚಪ್ಪಟಿ ಮೂತೀದು ಕೊಡ್ರಿ" ಎಂದರು ಅಪ್ಪ. ಆಮೇಲೆ ತಡೆಯಲಾಗದೆ ಕೇಳಿಯೂ ಬಿಟ್ಟರು: "ಅದರ ನಡಾ ಯಾಕ ಸಣ್ಣ ಮಾಡ್ಯಾರ್ರೀ? ಒಳಗ್ಯಾಕ ಪೊಳ್ಳ ಬಿಟ್ಟಾರ?" ಕಾಕಾ ಮತ್ತು ಅಪ್ಪ ಒಂದು ಕಾಳಿನಷ್ಟು ಗುಂಡನ್ನು ಅಂಗೈಯಲ್ಲಿಟ್ಟುಕೊಂಡು, ಗಾಳಿ ಹಿಂದಿನಿಂದ ಹೇಗೆ ತಳ್ಳುತ್ತದೆಂದು ಮಾತಾಡುತ್ತ ನಿಂತದ್ದರಲ್ಲಿ ನಮ್ಮ ಊರಿನ ಬಸ್ಸು ತಪ್ಪಿತು. ಮುಂದಿನದು ಬರುವವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಗಿರ್ಮಿಟ್ಟು, ಮಿರ್ಚಿಭಜಿ ತಿಂದೆವು.

ಪಂದ್ಯ ಸೀಗಿ ಹುಣ್ಣಿಮೆಯ ಮರುವಾರ ಧಾರವಾಡದಲ್ಲಿ ನಡೆಯಿತು. ಬೇರೆ ಮಕ್ಕಳು ನನ್ನ ಬಂದೂಕನ್ನು ನೋಡಿ, "ಇದೇನ ರಂಟಿ ಏನಬೇ?" ಎಂದು ನೇಗಿಲಿಗೆ ಹೋಲಿಸಿ ನಕ್ಕರು. ನಾನು ಬಂದೂಕನ್ನು ಹೆಗಲಿಗೆ ಕೊಟ್ಟು ನಿಂತೆ. ಇಪ್ಪತ್ತು ಗುಂಡುಗಳಾದರೂ ಕೈ ನಡುಗಲಿಲ್ಲ. ಕೊನೆಗೆ ಮೂರನೆಯ ಸ್ಥಾನಕ್ಕೆ ನಾನೂ ಕುಂದಗೋಳದ ಒಬ್ಬ ಹುಡುಗನೂ ಸಮ ಬಂದೆವು, ನನ್ನ ಒಂದು ತೂತನ್ನು ಎಂಟೆಂದು ಹಿಡಿದ ಲೆಕ್ಕ ಅದು, ಒಂಬತ್ತಾದರೆ ಸ್ಥಾನ ನನ್ನದೇ. ಅಂಕ ಹಾಕುವ ಪಂಚರು ಭೂತಗನ್ನಡಿ ಹಿಡಿದು ಬಗ್ಗಿದರು. ಗುಂಡು ಕತ್ತರಿಸಿದ ಅಂಚು ಒಂದು ಎಳೆಯೂ ಹರಿಯದೆ ದುಂಡಗೆ ನಿಂತಿತ್ತು, ಒಂಬತ್ತರ ಗೆರೆಯನ್ನು ಕೂದಲೆಳೆಯಷ್ಟು ಮುಟ್ಟಿತ್ತು. "ಮುಟ್ಟೇತಿ. ಒಂಬತ್ತು ಬರ್ಕೋರಿ" ಎಂದರು.

ಆ ಒಂದು ಅಂಕದಿಂದ ನಾನು ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ. ಈಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇದ್ದೇನೆ, ಮಕ್ಕಳಿಗೆ ಪಾಠ ಹೇಳುತ್ತೇನೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಬಿಟ್ಟಿ ಸಿಕ್ಕದ್ದಲ್ಲ. ಕಾಲೇಜಿನಲ್ಲಿ ಸ್ಕ್ರೂ ತಿರುವಿದರೆ ಉದ್ದ ಗಿಡ್ಡ ಆಗುವ ಬಂದೂಕು ಕೊಟ್ಟರು. ಚೆನ್ನಾಗಿಯೇ ಇತ್ತು. ಆದರೆ ಅದು ಯಾರ ಹೆಗಲಿಗಾದರೂ ಆಗುವಂಥದು. ಊರಲ್ಲಿ ಈಗ ಟ್ರ್ಯಾಕ್ಟರುಗಳಿವೆ, ನೊಗ ಕೇಳುವವರಿಲ್ಲ. ಹೊಲದ ಬದುವಿನ ಶಿವನಿ ಮರ ಹೋಯಿತು, ಅಪ್ಪನೂ ಹೋದರು. ಒಂದು ವಸ್ತು ಹೀಗೇಕಿದೆ ಎಂದು ಕೇಳುತ್ತ ಬಸ್ಸು ತಪ್ಪಿಸಿಕೊಳ್ಳುವವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ, ನಾನೂ ಸೇರಿ.

ಪಂದ್ಯದ ಆ ಮಧ್ಯಾಹ್ನ ನನ್ನ ಹೆಸರು ಕೂಗಿ, ಮೈದಾನದ ನಡುವೆ ಪ್ರಮಾಣಪತ್ರವನ್ನು ಕೈಗಿಟ್ಟರು. ನಾನು ಓಡಿ ಬಂದು ಅದನ್ನು, ನನ್ನ ಜೊತೆ ಬಂದು ಬದಿಯಲ್ಲಿ ನಿಂತಿದ್ದ ಅಪ್ಪನಿಗೆ ಕೊಟ್ಟೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ನೋಡಿದರು.

"ಅಪ್ಪಾ, ಚೌಕಟ್ಟ ಹಾಕಿ ಗ್ವಾಡಿಗೆ ಹಾಕೋಣೇನು?" ಎಂದೆ.

"ಬ್ಯಾಡವಾ" ಎಂದರು ಅಪ್ಪ, ಅದನ್ನು ನನ್ನ ಕೈಗೇ ಮರಳಿ ಕೊಡುತ್ತ. "ಗ್ವಾಡಿಗೆ ಹೊಡದ್ರ ಅದು ಅಲ್ಲೇ ನಿಂತಬಿಡ್ತೈತಿ. ನೀ ಕಾಲೇಜಿಗೆ ಹೊಂಟಾಕಿ, ಸಂಗಾಟ ತಗೊಂಡ ಹೋಗು."