ಅತ್ತೆ ಹೇಳಿದ ಅಮೆ

ಗೆಳೆಯರೇ, ಇವತ್ತು ನಮ್ಮತ್ತೆ ಸುಳ್ಳು ಹೇಳಿದರು! ದಾಯಾದಿಗಳಲ್ಲಿ ಯಾರು ಹೆತ್ತರೂ ಅಮೆ, ಅಂದರೆ ಹೆರಿಗೆಯ ಸೂತಕ, ಎಂದು ದೇವರ ದೀಪ ಮುಟ್ಟದವರು. ಅಮ್ಮನಿಲ್ಲದ ನನ್ನ ಬಾಣಂತನ ಅವರದೇ. ಸುಮ್ಮಸುಮ್ಮನೆ ಅಳುತ್ತಿದ್ದ ನನ್ನನ್ನು ನೋಡಿ ಕೊಪ್ಪದ ಡಾಕ್ಟರು, "ಇದು ಬಾಣಂತಿಯ ಖಿನ್ನತೆ. ಯಾರೂ ಚುಚ್ಚಿ ಮಾತಾಡ್ಬೇಡಿ, ನಿದ್ದೆ ಮಾಡೋಕೆ ಬಿಡಿ" ಎಂದಿದ್ದರು.

ಮಧ್ಯಾಹ್ನ ಅತ್ತೆಯ ಅಕ್ಕ ಶೃಂಗೇರಿಯಿಂದ ಬಂದರು. ಹೋದ ಸಲ "ಕೂಸಿಗೆ ಹಾಲು ಸಾಕಾಗ್ತಿಲ್ವೇನೇ?" ಎಂದು ನನ್ನನ್ನು ಅಳಿಸಿ ಹೋದವರು.

ಅತ್ತೆ ಬಾಗಿಲಿಗೇ ಅಡ್ಡ ನಿಂತರು. "ಒಳಗೆ ಬರ್ಬೇಡ ಅಕ್ಕ, ಅಮೆ."

"ಎಂತ ಮಾರಾಯ್ತಿ, ಕೂಸಿಗೆ ಎರಡು ತಿಂಗಳಾಯ್ತಲ್ಲ?"

"ಇದು ಬೇರೆ. ದಾಯಾದಿಗಳ ಮನೇಲಿ ಹೆರಿಗೆ."

ಅಕ್ಕ ನೀರೂ ಮುಟ್ಟದೆ ಹೋದರು. ಮಗುವನ್ನು ಅತ್ತೆ ಎತ್ತಿಕೊಂಡರು. ನಾನು ಸಂಜೆಯವರೆಗೆ ನಿದ್ದೆ ಹೊಡೆದೆ.

ಈಗ ಅಕ್ಕ "ಹೆತ್ತಿದ್ದು ಯಾರು?" ಎಂದು ಎಲ್ಲರಿಗೂ ಫೋನ್ ಮಾಡುತ್ತಿದ್ದಾರಂತೆ. ದಾಯಾದಿಗಳೇ, ಯಾರಾದರೂ ಬೇಗ ಒಂದು ಹೆತ್ತು ನಮ್ಮತ್ತೆಯ ಮಾನ ಉಳಿಸಿ.