ಸೇಟರು ಕೂರದ ಕುರ್ಚಿ

ಅವರ ಎಡಗಿವಿಯ ಮೇಲೆ ಸದಾ ಒಂದು ಪುಟ್ಟ ಸ್ಕ್ರೂಡ್ರೈವರ್ ಇರುತ್ತಿತ್ತು, ಬಡಗಿಯ ಕಿವಿಯ ಮೇಲೆ ಪೆನ್ಸಿಲ್ ಇರುವ ಹಾಗೆ. ಅದು ಕೂತು ಕೂತು ಕಿವಿಯ ತುದಿ ಸ್ವಲ್ಪ ಮಡಚಿಕೊಂಡಿತ್ತು. ಮುಂಬಯಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಯೆಹೂದಿ ಅವರು. ಹೈಸ್ಕೂಲು ಮುಗಿಸಿ ಕಿರಿಮಂಜೇಶ್ವರದಿಂದ ಬಸ್ಸು ಹತ್ತಿದ ನಾನು ಅವರ ಕೌಂಟರಿನಲ್ಲೇ ನರೆತವನು. ಎಲ್ಲರಂತೆ ನಾನೂ ಅವರನ್ನು ಸೇಟ್ ಎನ್ನುತ್ತಿದ್ದೆ.

ಅವರ ಪೂರ್ವಿಕರು ಹಡಗು ಒಡೆದು ಕೊಂಕಣದ ದಡ ಸೇರಿದವರಂತೆ. ಅಲ್ಲಿ ಎಣ್ಣೆಗಾಣ ಆಡಿಸಿಕೊಂಡಿದ್ದರು. ಶನಿವಾರ ಅವರ ಧರ್ಮಕ್ಕೆ ಬಿಡುವಿನ ದಿನ, ಅಂದು ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಮನೆಮಾತು ಮರಾಠಿ. ತಮ್ಮಂದಿರೆಲ್ಲ ಇಸ್ರೇಲಿಗೆ ಹೊರಟಾಗ ಸೇಟರು ಹೋಗಲಿಲ್ಲ. ತಾಯಿ, ಅವರು ಆಯಿ ಎಂದು ಕರೆಯುತ್ತಿದ್ದ ಆ ಮುದುಕಿ, ಬರುವುದಿಲ್ಲ ಎಂದರು. ಅಷ್ಟೇ ಕಾರಣ.

ಅಂಗಡಿಯೊಳಗೆ ಫ್ಯಾನಿನ ಕೆಳಗೆ ಆಯಿಯ ಬೆತ್ತದ ಕುರ್ಚಿ ಇತ್ತು. ಆಯಿ ಮಹಡಿಯ ಮನೆಯಿಂದ ದಿನಕ್ಕೊಮ್ಮೆ ಇಳಿಯುತ್ತಿದ್ದರು. ಉಳಿದ ಹೊತ್ತು ಕುರ್ಚಿ ಖಾಲಿ. ಗಿರಾಕಿಗಳು ಒತ್ತೊತ್ತಾಗಿ ನಿಂತಿದ್ದರೂ ಅದರಲ್ಲಿ ಯಾರೂ ಕೂರುವಂತಿಲ್ಲ, ಸೇಟರಂತೂ ಕೂರುತ್ತಲೇ ಇರಲಿಲ್ಲ. ಮೆಟ್ಟಿಲ ಮೇಲೆ ಆಯಿಯ ಕೋಲಿನ ಸದ್ದು ಕೇಳಿದರೆ, ಗಿರಾಕಿಯ ಮೂಗಿನ ಮೇಲೆ ಅರ್ಧ ಕೂರಿಸಿದ ಫ್ರೇಮನ್ನು ಹಾಗೇ ಬಿಟ್ಟು ಎದ್ದು ನಿಲ್ಲುತ್ತಿದ್ದರು.

"ಏನು ಸೇಟ್, ರಾಷ್ಟ್ರಗೀತೆ ಶುರುವಾಯಿತೇ?" ಎಂದು ಒಬ್ಬ ಗಿರಾಕಿ ಕೆಣಕಿದ.

"ನಮ್ಮ ಮನೆಯದು" ಎಂದರು ಸೇಟ್. "ನೀವು ಕೂತಿರಿ, ಪರವಾಗಿಲ್ಲ."

ಒಮ್ಮೆ ನಾನು ಕೇಳಿದ್ದಕ್ಕೆ ಅವರು ಹೇಳಿದ್ದರು: "ಹೆತ್ತವರಿಗೆ ಉಣ್ಣಿಸುವುದು, ಉಡಿಸುವುದು, ಕೈಹಿಡಿದು ನಡೆಸುವುದು ಗೌರವ. ಅವರ ಜಾಗದಲ್ಲಿ ಕೂರದಿರುವುದು, ಅವರ ಮಾತು ಕಡಿಯದಿರುವುದು ಭಯಭಕ್ತಿ. ನಮ್ಮ ಧರ್ಮದ ಕಾನೂನು ಎರಡನ್ನೂ ಕೇಳುತ್ತದೆ. ಮೊದಲನೆಯದನ್ನು ಆಳಿಟ್ಟೂ ಮಾಡಿಸಬಹುದು ಬಾಬಾ. ಎರಡನೆಯದನ್ನು ನಾವೇ ಮಾಡಬೇಕು."

ನಾನು ತಲೆಯಾಡಿಸಿದೆ. ಆ ಕುರ್ಚಿಯ ಧೂಳನ್ನು ದಿನಾ ಬೆಳಿಗ್ಗೆ ಒರೆಸುತ್ತಿದ್ದವನು ನಾನೇ. ಆದರೂ ನನ್ನ ತಲೆಗೆ ಏನೂ ಹತ್ತಲಿಲ್ಲ.

ತಲೆ ನರೆತ ಮೇಲೆ ಕೆಲಸ ಬಿಟ್ಟು ಊರಿಗೆ ಬಂದೆ. ಅಪ್ಪಯ್ಯ ಇನ್ನೂ ಗಟ್ಟಿಯಾಗಿದ್ದರು, ನೆನಪು ಮಾತ್ರ ಸಡಿಲಾಗಿತ್ತು. ಜೀವನವಿಡೀ ಸಮುದ್ರಕ್ಕೆ ಇಳಿದವರು, ಮಾತಿನ ಮಲ್ಲ. ಜಗಲಿಯಲ್ಲಿ ಕಡಲಿಗೆ ಮುಖಮಾಡಿದ ಅವರ ಆರಾಮ ಕುರ್ಚಿಯಲ್ಲಿ ಬಂದ ವಾರದಲ್ಲೇ ನಾನು ಕೂತೆ. ಅವರು ಗೋಡೆ ಬದಿಯ ಬೆಂಚಿಗೆ ಸರಿದರು. ಅವರು ಹಳೆಯ ಕಥೆ ತೆಗೆದರೆ ನಾನು ತಿದ್ದುತ್ತಿದ್ದೆ. "ಅಪ್ಪಯ್ಯ, ಅದ್ ನೀವಲ್ದ, ದೊಡ್ಡಪ್ಪಯ್ಯ." "ಆ ವರ್ಷ ಅಲ್ದ, ಅದರ ಮುಂದಿನ ವರ್ಷ." ಬಂದವರು ನಗುತ್ತಿದ್ದರು. ಹೊತ್ತಿಗೆ ಸರಿಯಾಗಿ ಊಟ, ಮದ್ದು, ಒಗೆದ ಬಟ್ಟೆ ಎಲ್ಲವನ್ನೂ ಕೊಡುತ್ತಿದ್ದೆ. ಒಳ್ಳೆಯ ಮಗ ಎಂದೇ ತಿಳಿದಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಪ್ಪಯ್ಯ ನನ್ನೆದುರು ಬಾಯಿ ಬಿಡುವುದನ್ನೇ ನಿಲ್ಲಿಸಿದರು. ವಯಸ್ಸಾಯಿತು ಎಂದುಕೊಂಡೆ.

ಆಯಿ ತೀರಿಹೋದ ಮರುವರ್ಷ ಸೇಟರು ನಮ್ಮನ್ನು ನೋಡಲು ಬಂದರು. ಬೈಂದೂರಿನಲ್ಲಿ ರೈಲಿಳಿಸಿ ಕರೆತಂದು ಆರಾಮ ಕುರ್ಚಿ ತೋರಿಸಿದೆ.

"ಯಾರದ್ದು?" ಎಂದರು.

"ನನ್ನದೇ ಸೇಟ್, ಕೂತ್ಕೊಳ್ಳಿ."

"ನೀನು ಬರುವ ಮೊದಲು?"

ನಾನು ಬೆಂಚಿನ ಕಡೆ ನೋಡಿದೆ. ಸೇಟರು ಹೋಗಿ ಅಪ್ಪಯ್ಯನ ಪಕ್ಕ ಬೆಂಚಿನಲ್ಲೇ ಕೂತರು.

ಶನಿವಾರ ಪ್ರಯಾಣ ಮಾಡದವರಾದ್ದರಿಂದ ಭಾನುವಾರದವರೆಗೂ ಉಳಿದರು. ಅಪ್ಪಯ್ಯನಿಗೆ ರತ್ನಾಗಿರಿ ಕಡೆಯ ದೋಣಿಗಳಲ್ಲಿ ದುಡಿದು ಬಂದ ಹರಕು ಮರಾಠಿ ಇತ್ತು. ಹಡಗು ಒಡೆದು ಬಂದ ಕುಲ ಎಂದು ಕೇಳಿದ್ದೇ ಅವರ ಕಣ್ಣು ಅರಳಿತು. ತಮ್ಮ ಧರ್ಮದಲ್ಲಿ ಸಿಗಡಿ ಮುಟ್ಟುವುದಿಲ್ಲ, ಹುರುಪೆ ಮತ್ತು ರೆಕ್ಕೆ ಇರುವ ಮೀನಾದರೆ ಆಗುತ್ತದೆ ಎಂದು ಸೇಟರು ಹೇಳಿದಾಗ ಅಪ್ಪಯ್ಯ ನನ್ನ ಹೆಂಡತಿಯನ್ನು ಕರೆದು, "ಕೇಂಡ್ಯಾ? ಇವ್ರ್ ದೇವ್ರಿಗೆ ಮೀನಿನ್ ವಿಷ್ಯ ಪೂರಾ ಗೊತ್ತಿತ್ತ್" ಎಂದರು. ಆಮೇಲೆ ಕಥೆಯ ಮೇಲೆ ಕಥೆ. ಮಗನಾದ ನಾನು ಎಂದೂ ಕೇಳದ ಕಥೆಗಳು. ಬಾಗಿಲ ಬಳಿ ನಿಂತು, ಬೇರೆಯವರ ಮನೆಯ ಮಾತಿನಂತೆ ಕದ್ದು ಕೇಳಿದೆ.

ಹೊರಡುವ ದಿನ ಸ್ಟೇಷನ್ನಿನಲ್ಲಿ, ಅಪ್ಪಯ್ಯನ ಮಾತು ತಿದ್ದುತ್ತಿದ್ದುದನ್ನು ಹೇಳಿ ತಪ್ಪೊಪ್ಪಿಕೊಂಡೆ. "ಇನ್ನು ಅಪ್ಪಯ್ಯ ಹೇಳಿದ್ದಕ್ಕೆಲ್ಲ ಸರಿ ಸರಿ ಎನ್ನುತ್ತೇನೆ ಸೇಟ್."

"ಅದೂ ಕೂಡದು" ಎಂದರು. "ಸರಿ ಎಂದು ತೂಗಿ ಹೇಳಲು ನೀನು ಯಾರು? ಕೇಳಿಸಿಕೋ. ತಪ್ಪಿದರೆ ಪ್ರಶ್ನೆ ಕೇಳು, ಅವರೇ ದಾರಿಗೆ ಬರುತ್ತಾರೆ."

"ನಾನು ನಿಮ್ಮವನಲ್ಲವಲ್ಲ ಸೇಟ್."

"ನಮ್ಮ ಹಿರಿಯರು ಇದಕ್ಕೆ ಮಾದರಿ ಎಂದು ತೋರಿಸುವುದೇ ನಮ್ಮವನಲ್ಲದ ಒಬ್ಬನನ್ನು, ಮಲಗಿದ್ದ ಅಪ್ಪನನ್ನು ಎಬ್ಬಿಸಲೊಲ್ಲದೆ ದೊಡ್ಡ ವ್ಯಾಪಾರವನ್ನೇ ಬಿಟ್ಟವನನ್ನು. ಆ ಸಬೂಬು ನಡೆಯುವುದಿಲ್ಲ."

ಅಂದೇ ಕುರ್ಚಿ ಬಿಟ್ಟೆ. ಅಪ್ಪಯ್ಯ ಕೂರಲಿಲ್ಲ. ಅದು ವಾರಗಟ್ಟಲೆ ಖಾಲಿಯೇ ಇತ್ತು, ನನ್ನೊಡನೆ ಅವರ ಮೌನವೂ ಹಾಗೇ ಉಳಿಯಿತು.

ಒಂದು ಬೆಳಿಗ್ಗೆ ಅವರು ತಲೆಗೆ ಮುಂಡಾಸು ಸುತ್ತಿ, ದೋಣಿ ತೆಗೆದು ಕಡಲಿಗೆ ಹೊರಟವರಂತೆ ಅಂಗಳಕ್ಕಿಳಿದರು. "ದೋಣಿ ಕಡುಕೆ ಹೋತೆ." ದೋಣಿ ಮಾರಿ ಎಷ್ಟೋ ಕಾಲವಾಗಿತ್ತು. ಅದು ನನ್ನ ನಾಲಿಗೆಯ ತುದಿಗೂ ಬಂತು. ನುಂಗಿಕೊಂಡೆ.

"ಅಪ್ಪಯ್ಯ, ಗಾಳಿ ಯಾವ್ ಬದಿದ್?"

ಅವರು ನಿಂತರು. ನನ್ನನ್ನು ಒಮ್ಮೆ ನೋಡಿ, ಮೂಗು ಎತ್ತಿ ಕಡಲ ಕಡೆ ತಿರುಗಿದರು. "ತೆಂಕ್ ಗಾಳಿ. ಇವತ್ತ್ ಬ್ಯಾಡ." ಬಂದು ತಮ್ಮ ಕುರ್ಚಿಯಲ್ಲಿ ಕೂತರು. "ತೆಂಕ್ ಗಾಳಿ ಅಂದ್ರೆ ಎಂತ ಗೊತ್ತಿತ್ತಾ ನಿಂಗೆ? ಕೂಕೋ, ಹೇಳ್ತೆ."

ನಾನು ಬೆಂಚಿನಲ್ಲಿ ಕೂತೆ. ಮಧ್ಯಾಹ್ನದ ಗಂಜಿ ಆರಿ ತಣ್ಣಗಾಗುವವರೆಗೂ ಅವರು ಹೇಳಿದರು. ಮುಂದೆ ಬದುಕಿದ್ದಷ್ಟು ದಿನವೂ ಹೇಳಿದರು.

ಅಪ್ಪಯ್ಯ ಹೋದ ಮೇಲೆ ಸೇಟರಿಗೆ ಫೋನು ಮಾಡಿ, ಆ ಕುರ್ಚಿಯನ್ನು ಯಾರೂ ಕೂರದ ಹಾಗೆ ಎತ್ತಿಡುತ್ತೇನೆ ಎಂದೆ.

"ಬೇಡ. ಖಾಲಿ ಬಿಡಬೇಕಾದದ್ದು ಅವರು ಬದುಕಿದ್ದಾಗ. ಈಗ ಕೂರಬಹುದು."

"ತಡವಾಗಿ ಬಿಟ್ಟೆ ಸೇಟ್."

"ಅವರು ಬಂದು ಕೂತರಲ್ಲ" ಎಂದರು.

ಕಳೆದ ಮಳೆಗಾಲದ ಒಂದು ಸಂಜೆ ಸೇಟರ ಮಗಳ ಫೋನು ಬಂತು. ನಾನು ಅಪ್ಪಯ್ಯನ ಕುರ್ಚಿಯಲ್ಲಿದ್ದೆ. ಮಾತು ಮುಗಿಯುವ ಮೊದಲೇ ಎದ್ದು ನಿಂತಿದ್ದೆ.

ಒಳಗಿನಿಂದ ಬಂದ ಹೆಂಡತಿ, "ಹ್ವಾಯ್, ಎಂತಕೆ ಎದ್ ನಿಂತದ್? ಯಾರ್ ಬಂದ್ರ್?" ಎಂದಳು.

"ಸೇಟ್ರ್ ಹೋದ್ರ್" ಎಂದೆ, ನಿಂತುಕೊಂಡೇ.